ರೈಟರ್ ಯೋಗಾನಂದನ ಸಂಬಳದ ರಜೆ

ನವಿಲುಬಾರೆ ಎಸ್ಟೇಟಿನ ರೈಟರ್ ಯೋಗಾನಂದನ ಹತ್ತಿರ ಆಸ್ತಿ ಎಂದು ಹೇಳಿಕೊಳ್ಳುವಂಥದ್ದು ಹೆಚ್ಚೇನೂ ಇರಲಿಲ್ಲ. ಪಾಳ್ಯ ಹೋಬಳಿಯ ಊರಿನಲ್ಲಿ ಒಂದು ಹೆಂಚಿನ ಮನೆ, ಮುಕ್ಕಾಲು ಎಕರೆ ಗದ್ದೆ, ಎರಡು ಹಸು, ಸೀಟು ಹರಿದ ಒಂದು ಮೊಪೆಡ್, ಅಷ್ಟೆ. ಆದರೆ ಯಾರ ಮುಂದೆ ಬೇಕಾದರೂ ಎದೆಯುಬ್ಬಿಸಿ ಹೇಳಬಹುದಾದ ಒಂದು ಮಾತು ಅವನ ಹತ್ತಿರ ಇತ್ತು: "ಹದಿನೆಂಟು ವರ್ಷ. ಒಂದೇ ಒಂದು ದಿನ ರಜೆ ಹಾಕಿಲ್ಲ." ಇದನ್ನು ಅವನು ಮದುವೆ ಮನೆಗಳಲ್ಲಿ ಹೇಳಿದ್ದ, ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರಿಗೆ ಹೇಳಿದ್ದ. ಸಕಲೇಶಪುರದಲ್ಲಿ ಹಲ್ಲು ಕೀಳಿಸಿಕೊಳ್ಳುವಾಗ ಬಾಯಲ್ಲಿ ಇಕ್ಕಳ ಇದ್ದಾಗಲೂ ಡಾಕ್ಟರಿಗೆ ಹೇಳಲು ನೋಡಿದ್ದ. ಹಲ್ಲು ಕೀಳಿಸಿಕೊಂಡದ್ದು ಭಾನುವಾರ ಎಂಬುದನ್ನು ಇಕ್ಕಳ ತೆಗೆದ ಮೇಲೆ ಸೇರಿಸಿದ್ದ.

ಕಾಫಿ ತೋಟದಲ್ಲಿ ರೈಟರ್ ಎಂದರೆ ಬೆಳಿಗ್ಗೆ ಏಳೂವರೆಗೆ ಸ್ಟೋರಿನ ಮುಂದೆ ಆಳುಗಳನ್ನು ನಿಲ್ಲಿಸಿ, ಹೆಸರು ಕರೆದು, ಬಂದವರಿಗೆ ಪುಸ್ತಕದಲ್ಲಿ ಗುರುತು ಹಾಕಿ, ಯಾರು ಎಲ್ಲಿ ಹಣ್ಣು ಕುಯ್ಯಬೇಕೆಂದು ಹೇಳಿ ಕಳಿಸುವವನು. ಹೀಗೆ ಹೆಸರು ಕರೆಯುವುದಕ್ಕೆ ಮಸ್ಟರ್ ಅನ್ನುತ್ತಾರೆ. ಬೇರೆ ತೋಟಗಳಲ್ಲಿ ಅದು ಹತ್ತು ನಿಮಿಷದ ಕೆಲಸ. ನವಿಲುಬಾರೆಯಲ್ಲಿ ನಲವತ್ತು ನಿಮಿಷ ಹಿಡಿಯುತ್ತಿತ್ತು, ಏಕೆಂದರೆ ಇಪ್ಪತ್ತೇಳು ಹೆಸರುಗಳ ನಡುವೆ ಯೋಗಾನಂದನ ಉಪದೇಶವೂ ನಡೆಯಬೇಕಿತ್ತು.

"ನಂಗೆ ನೂರಾಮೂರು ಜ್ವರ ಇತ್ತು. ಬಂದೆ. ನಮ್ಮಪ್ಪ ಹೋದ್ರು. ಬೆಳಿಗ್ಗೆ ಮಣ್ಣು ಮಾಡ್ದೆ, ಮಧ್ಯಾಹ್ನ ಕಣದಾಗಿದ್ದೆ. ನೀವು ಒಂದ್ಸಾರಿ ಸೀನಿದ್ರೆ ರಜೆ ಕೇಳ್ತೀರ."

"ಅವರಪ್ಪ ಬುದ್ಧಿವಂತ. ಒಂದೇ ಏಟಿಗೆ ಪೂರ್ತಿ ರಜೆ ತಗಂಬುಟ್ಟ" ಎಂದು ಮುದುಕ ಗಿಡ್ಡಯ್ಯ ಹಿಂದಿನ ಸಾಲಿನಲ್ಲಿ ಗೊಣಗುತ್ತಿದ್ದ. ಗಿಡ್ಡಯ್ಯನಿಗೆ ಅರವತ್ತೆರಡು ವರ್ಷ. ಅವನ ಗೊಣಗಾಟಕ್ಕೂ ಮಸ್ಟರಿನಷ್ಟೇ ವಯಸ್ಸಾಗಿತ್ತು.

ಡಿಸೆಂಬರ್ ಬಂತು. ಹಣ್ಣು ಕೆಂಪಗಾಯಿತು. ಆಳುಗಳು ಸಾಲಾಗಿ ವಾಸಿಸುವ ಲೈನ್ ಮನೆಯ ಮಾರಮ್ಮ ಒಂದು ಬೆಳಿಗ್ಗೆ ಹೆಸರು ಕರೆಸಿಕೊಂಡವಳು ಮುಂದೆ ಹೋಗದೆ ಅಲ್ಲೇ ನಿಂತಳು.

"ರೈಟ್ರೇ, ಮಗಳಿಗೆ ದಿನ ತುಂಬೈತೆ. ಚೊಚ್ಚಲು. ಆಲೂರು ಆಸ್ಪತ್ರೆಗೆ ಸೇರಿಸ್ತಾರಂತೆ. ನಂಗೆ ಒಂದು ಹದಿನೈದು ದಿನ ರಜೆ ಬೇಕು."

"ಸೀಸನ್ನಲ್ಲಿ ಹೆರಿಗೆ ಇಟ್ಕಂಡ್ರೆ ಹೆಂಗೆ ಮಾರಮ್ಮ?"

"ಮಗೀಗೆ ಏನ್ ಗೊತ್ತು ರೈಟ್ರೇ, ಕಾಫಿ ಹಣ್ಣಾಗಿರೋದು?"

"ಅವೆಲ್ಲ ಮಾತು ಬೇಡ. ನಾನು ಹದಿನೆಂಟು ವರ್ಷ..."

"ಗೊತ್ತೈತೆ ಬುಡಿ" ಎಂದು ಮಾರಮ್ಮ ಚೀಲ ಸೊಂಟಕ್ಕೆ ಕಟ್ಟಿಕೊಂಡು ಗುಡ್ಡ ಹತ್ತಿದಳು. ಅವಳ ಬೆನ್ನು ನೋಡಿಯೇ ಯೋಗಾನಂದ ತಾನು ಗೆದ್ದೆ ಎಂದುಕೊಂಡ. ಅವನು ಯಾವಾಗಲೂ ಗೆಲ್ಲುತ್ತಿದ್ದುದು ಬೆನ್ನುಗಳ ಎದುರೇ.

ಅದೇ ವಾರ ಸುಚಿತ್ರಾ ಮೇಡಂ ಬಂದರು. ನವಿಲುಬಾರೆಯ ಕಾಫಿಯನ್ನು ಕೊಂಡು ಹೊರದೇಶಕ್ಕೆ ಕಳಿಸುವ ಕಂಪನಿಯವರು ಅವರು. ಆ ದೇಶದ ಜನ ಕಾಫಿ ಕುಡಿಯುವ ಮುಂಚೆ, ಇದನ್ನು ಕುಯ್ದವರಿಗೆ ನೀರು ಇತ್ತೇ, ನೆರಳು ಇತ್ತೇ, ಸಂಬಳದ ರಜೆ ಇತ್ತೇ ಎಂದೆಲ್ಲ ವಿಚಾರಿಸುತ್ತಾರಂತೆ. ವಿಚಾರಿಸಿ ಸಮಾಧಾನವಾದರೆ ಎಸ್ಟೇಟಿಗೆ ಒಂದು ಸರ್ಟಿಫಿಕೇಟು, ಕಾಫಿಗೆ ಒಳ್ಳೆಯ ರೇಟು. ಎಸ್ಟೇಟಿನ ಮಾಲೀಕ ಪ್ರತಾಪ್ ಆ ಸರ್ಟಿಫಿಕೇಟಿಗಾಗಿ ಹೊಸ ಕಕ್ಕಸು ಕಟ್ಟಿಸಿ, ಅದು ಹಾಳಾಗದಿರಲಿ ಎಂದು ಬೀಗವನ್ನೂ ಹಾಕಿಸಿದ್ದ.

ಪ್ರತಾಪ್ ಬಗ್ಗೆ ಒಂದು ಮಾತು ಹೇಳಲೇಬೇಕು. ಅವನು ದುಡಿಮೆಯ ದೊಡ್ಡ ಭಕ್ತ. ಸಕಲೇಶಪುರದಲ್ಲಿ ಬೆಳೆಗಾರರ ಸಭೆ ನಡೆದರೆ ವಾರಕ್ಕೆ ಎಂಬತ್ತು ಗಂಟೆ ದುಡಿಯದ ದೇಶ ಉದ್ಧಾರವಾಗುವುದಿಲ್ಲ ಎಂದು ಮೈಕಿನ ಮುಂದೆ ಗುಡುಗುತ್ತಿದ್ದ. ಗುಡುಗಿದ ಸುಸ್ತಿಗೆ ವರ್ಷಕ್ಕೆರಡು ಬಾರಿ ಹೆಂಡತಿ ಮಕ್ಕಳ ಜೊತೆ ಸಮುದ್ರ ಇರುವ ಊರಿಗೆ ಹೋಗಿ ಹದಿನೈದು ದಿನ ಮಲಗುತ್ತಿದ್ದ. ಆ ಭಾಷಣಗಳನ್ನು ಬರೆದುಕೊಡುತ್ತಿದ್ದವನು ಯೋಗಾನಂದ. ಅದನ್ನೂ ಭಾನುವಾರವೇ ಬರೆಯುತ್ತಿದ್ದ.

ಸುಚಿತ್ರಾ ಮೇಡಂ ನೀರು ನೋಡಿದರು, ನೆರಳು ನೋಡಿದರು, ಕಕ್ಕಸಿನ ಬೀಗ ನೋಡಿ ಏನೋ ಬರೆದುಕೊಂಡರು. ಆಮೇಲೆ ಸ್ಟೋರಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕೇಳಿದರು.

"ಇಪ್ಪತ್ತು ದಿನ ಕೆಲಸ ಮಾಡಿದರೆ ಒಂದು ದಿನ ಸಂಬಳದ ರಜೆ ಬರುತ್ತೆ. ಹೋದ ವರ್ಷ ಇಲ್ಲಿ ಯಾರು ಯಾರು ತಗೊಂಡಿದ್ದೀರಿ?"

ಆಳುಗಳು ಪ್ರತಾಪ್ ಮುಖ ನೋಡಿದರು. ಪ್ರತಾಪ್ ನೆರಳಿಗೆ ಬೆಳೆಸಿದ ಸಿಲ್ವರ್ ಮರದ ತುದಿ ನೋಡಿದ. ಎಲ್ಲರೂ ಹೀಗೆ ಅಲ್ಲಿ ಇಲ್ಲಿ ನೋಡುತ್ತಿದ್ದಾಗ, ತನ್ನ ಜೀವಮಾನದ ಗಳಿಗೆ ಬಂತೆಂದು ತಿಳಿದು ಯೋಗಾನಂದ ಒಂದು ಹೆಜ್ಜೆ ಮುಂದೆ ಬಂದ.

"ಯಾರೂ ಇಲ್ಲ ಮೇಡಂ! ನಮ್ಮ ತೋಟದಲ್ಲಿ ಆ ಅಭ್ಯಾಸವೇ ಇಲ್ಲ. ನನ್ನನ್ನೇ ತಗೊಳ್ಳಿ. ಹದಿನೆಂಟು ವರ್ಷ, ಒಂದೇ ಒಂದು ದಿನ ರಜೆ ಹಾಕಿಲ್ಲ. ಬರ್ಕೊಳ್ಳಿ ಮೇಡಂ."

ಅವರು ಬರೆದುಕೊಂಡರು. ತುಂಬಾ ಹೊತ್ತು ಬರೆದುಕೊಂಡರು. ಇಷ್ಟು ಉದ್ದ ಬರೆಯಬೇಕಾದರೆ ಬಹುಶಃ ಒಂದು ಶಾಲು, ಒಂದು ಫಲಕ ಎರಡೂ ಬರಬಹುದೆಂದು ಯೋಗಾನಂದ ಅಂದಾಜು ಮಾಡಿದ. ಅವರು ಕಾರು ಹತ್ತುವ ಮುಂಚೆ ಪ್ರತಾಪ್‌ಗೆ ಹೇಳಿದ್ದು ಇಷ್ಟೆ: "ಹದಿನೆಂಟು ವರ್ಷ ರಜೆ ಕೊಡದ ತೋಟಕ್ಕೆ ಸರ್ಟಿಫಿಕೇಟ್ ಕೊಡೋಕಾಗಲ್ಲ. ಹತ್ತು ದಿನ ಬಿಟ್ಟು ಬರ್ತೀನಿ. ಒಬ್ಬರಾದರೂ ನಿಜವಾಗಿ ರಜೆ ಮೇಲಿರಬೇಕು. ನಾನೇ ನೋಡ್ತೀನಿ."

ಕಾರು ತಿರುವು ದಾಟುವವರೆಗೆ ಪ್ರತಾಪ್ ನಗುನಗುತ್ತಲೇ ಕೈ ಬೀಸಿದ. ಆಮೇಲೆ ತಿರುಗಿದ.

"ರೀ ಯೋಗಾನಂದ, ನಿಮಗೆ ಬಾಯಿ ಯಾಕ್ರೀ ಕೊಟ್ಟ ದೇವರು?"

"ಸಾರ್, ನಾನು ತೋಟದ ಮರ್ಯಾದೆ..."

"ಮರ್ಯಾದೆ ಹೋಯ್ತು, ಇನ್ನು ಕಾಫಿನೂ ಹೋಗುತ್ತೆ! ನಾಳೆಯಿಂದ ಹತ್ತು ದಿನ ರಜೆ ನೀವೇ ತಗೊಳ್ಳಿ. ಸಂಬಳ ಕೊಡ್ತೀನಿ. ಗೇಟಿನೊಳಗೆ ಕಾಲಿಟ್ಟರೆ ಮಾತ್ರ ಕೆಲಸ ಇಲ್ಲ, ತಿಳೀತಾ? ಹತ್ತು ದಿನ ಏನೂ ಮಾಡ್ಬೇಡಿ. ಆಗುತ್ತಾ ನಿಮ್ಮ ಕೈಲಿ?"

"ರಜೆ ಕೊಡೋದೇ ಆದ್ರೆ ನಂಗೆ ಕೊಡಿ ಸಾವ್ಕಾರ್ರೇ, ಮಗಳ ಹೆರಿಗೆ ಐತೆ" ಎಂದಳು ಮಾರಮ್ಮ.

"ನೀನು ಹಣ್ಣು ಕುಯ್ಯೋಳಮ್ಮ. ನೀನು ಹೋದರೆ ಕೆಲಸ ನಿಲ್ಲುತ್ತೆ" ಎಂದ ಪ್ರತಾಪ್.

ಈ ಮಾತಿನ ಅರ್ಥವೇನೆಂದು ಯೋಗಾನಂದನಿಗೆ ಹೊಳೆಯಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಗಿಡ್ಡಯ್ಯನಿಗೆ ಹೊಳೆದು ಕೆಮ್ಮು ಬಂತು.

ರಜೆಯ ಮೊದಲನೆಯ ದಿನ ಯೋಗಾನಂದ ಐದಕ್ಕೇ ಎದ್ದು, ಸ್ನಾನ ಮಾಡಿ, ಇಸ್ತ್ರಿ ಶರಟು ತೊಟ್ಟು, ಹೋಗುವುದಕ್ಕೆ ಜಾಗ ಇಲ್ಲದೆ ಜಗಲಿಯ ಮೇಲೆ ಕೂತ. ಏಳೂವರೆಯಾಯಿತು. ತಡೆಯಲಾರದೆ ಒಳಗೆ ಹೋಗಿ ಹೆಂಡತಿ ಗಂಗಾಮಣಿಗೆ ಆ ದಿನದ ಕೆಲಸ ಹಂಚಿದ. ಮೊದಲು ಕೊಟ್ಟಿಗೆ, ಆಮೇಲೆ ಪಾತ್ರೆ, ಹತ್ತೂವರೆಗೆ ಐದು ನಿಮಿಷ ಚಾ. ಗಂಗಾಮಣಿ ಕೊಟ್ಟಿಗೆ ಗುಡಿಸಿ, ಹಾಲು ಕರೆದು, ಪಾತ್ರೆ ತೊಳೆದು, ರೊಟ್ಟಿ ತಟ್ಟಿ ಆಗಿತ್ತು. ಅವಳು ಬಾಗಿಲಿಗೆ ಒರಗಿಕೊಂಡು ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಿಮ್ಮನ್ನ ತೋಟದೋರು ಹತ್ತು ದಿನ ಆಚೆಗೆ ಕಳ್ಸಿದ್ದು ಯಾಕೆ ಅಂತ ಈಗ ಗೊತ್ತಾಯ್ತು" ಎಂದಳು.

ಡೈರಿಗೆ ಹಾಲು ಹಾಕುವ ಕೆಲಸವನ್ನಾದರೂ ಮಾಡೋಣವೆಂದು ಅವನು ಕ್ಯಾನು ಹಿಡಿದು ಹೊರಟ. ಅದೇ ತಪ್ಪಾಯಿತು. ಡೈರಿಯಲ್ಲಿ ಹಾಲು ಅಳೆಯುವ ಕೃಷ್ಣಪ್ಪ, ವಾರದ ದಿನ ಎಂಟು ಗಂಟೆಗೆ, ಸೀಸನ್ನಿನಲ್ಲಿ, ಇಸ್ತ್ರಿ ಶರಟಿನಲ್ಲಿ ಯೋಗಾನಂದನನ್ನು ಕಂಡು ಅಳತೆಯ ಪಾತ್ರೆ ಕೆಳಗಿಟ್ಟ.

"ಯಾರು ಹೋದ್ರು ರೈಟ್ರೇ?"

"ಯಾರೂ ಹೋಗಿಲ್ಲ. ನಾನು ರಜೆಲಿದ್ದೀನಿ."

"ಮೈ ಹುಷಾರಿಲ್ವಾ?"

"ಚೆನ್ನಾಗಿದ್ದೀನಿ ಮಾರಾಯ. ಸಂಬಳ ಕೊಟ್ಟು ಮನೇಲಿ ಕೂರ್ಸವ್ರೆ, ಅಷ್ಟೆ."

ಡೈರಿಯಲ್ಲಿದ್ದ ಒಂಬತ್ತು ಜನ ಸಾಲು ಬಿಟ್ಟು ಒಟ್ಟಿಗೆ ಹತ್ತಿರ ಸರಿದರು. ಇಲ್ಲಿ ಆ ಊರಿನ ಒಂದು ಅನುಭವವನ್ನು ಹೇಳದೆ ವಿಧಿಯಿಲ್ಲ. ಸಂಬಳ ತೆಗೆದುಕೊಂಡು ಮನೆಯಲ್ಲಿ ಕೂತ ಮನುಷ್ಯನನ್ನು ಆ ಊರು ಅಲ್ಲಿಯವರೆಗೆ ಒಬ್ಬನನ್ನೇ ಕಂಡಿತ್ತು. ಅವನು ಸರ್ಕಾರಿ ಕೆಲಸದ ಧರ್ಮಣ್ಣ. ಲಂಚ ಹಿಡಿಯುವಾಗ ಸಿಕ್ಕಿಬಿದ್ದು ಸಸ್ಪೆಂಡಾಗಿ, ಹನ್ನೊಂದು ತಿಂಗಳು ಅರ್ಧ ಸಂಬಳದಲ್ಲಿ ಜಗಲಿಯ ಮೇಲೆ ಕೂತು, ಆ ಬಿಡುವಿನಲ್ಲಿ ಮನೆಯ ಮೇಲೊಂದು ಮಹಡಿ ಕಟ್ಟಿಸಿದ್ದ. ಆದ್ದರಿಂದ ಸಂಬಳ ಬಂದು ಕೆಲಸ ಇಲ್ಲದಿದ್ದರೆ ಅದಕ್ಕೆ ಏನೆನ್ನುತ್ತಾರೆಂದು ಆ ಊರಿನ ಕೂಸಿಗೂ ಗೊತ್ತಿತ್ತು.

"ಧರ್ಮಣ್ಣನ ಥರಾನೇ ಆಯ್ತಾ?" ಎಂದು ಕೃಷ್ಣಪ್ಪ ದನಿ ತಗ್ಗಿಸಿ ಕೇಳಿದ.

"ಥೂ! ಸಸ್ಪೆಂಡ್ ಅಲ್ಲ ಕಣಯ್ಯಾ, ರಜೆ! ಚೀಟಿ ಐತೆ ನೋಡು!"

ಯೋಗಾನಂದ ಜೇಬಿನಿಂದ ಪ್ರತಾಪ್ ಬರೆದುಕೊಟ್ಟ ಚೀಟಿ ತೆಗೆದ. ಕೃಷ್ಣಪ್ಪ ಎಲ್ಲರಿಗೂ ಕೇಳುವಂತೆ ಓದಿದ. "ಯೋಗಾನಂದ ಇವರಿಗೆ ಹತ್ತು ದಿನಗಳ ಸಂಬಳ ಸಹಿತ ರಜೆ ನೀಡಲಾಗಿದೆ. ಈ ಅವಧಿಯಲ್ಲಿ ಇವರು ಎಸ್ಟೇಟಿನ ಗೇಟಿನೊಳಗೆ ಕಾಲಿಡತಕ್ಕದ್ದಲ್ಲ." ಓದಿ, ಮಡಚಿ, ಸಾವಿನ ಮನೆಯಲ್ಲಿ ಕೈ ಹಿಡಿಯುವಂತೆ ಯೋಗಾನಂದನ ಕೈ ಹಿಡಿದು ಚೀಟಿಯನ್ನು ಅದರೊಳಗಿಟ್ಟ.

"ಯಾರಿಗೂ ತೋರಿಸ್ಬೇಡಿ. ನಾವ್ಯಾರೂ ಏನೂ ಕೇಳಿಲ್ಲ ಕಣ್ರೀ" ಎಂದ.

ಯಾರೂ ಏನೂ ಕೇಳಿಲ್ಲವಾದ್ದರಿಂದ ಮಧ್ಯಾಹ್ನದೊಳಗೆ ಇಡೀ ಊರಿಗೆ ಗೊತ್ತಾಯಿತು. ರೈಟರ್ ಒಂದು ಮೂಟೆ ಕಾಫಿ ಹೊಡೆದಿದ್ದಾನಂತೆ. ಸಂಜೆಗೆ ಮೂಟೆ ಹತ್ತಾಯಿತು. ಮಾರನೆಯ ದಿನ ಸಕಲೇಶಪುರಕ್ಕೆ ಹೋಗಿ ಬಂದವರು ಒಂದು ಲಾರಿ ಎಂದರು. ಮೂರನೆಯ ದಿನದ ಹೊತ್ತಿಗೆ ಲಾರಿಗೆ ನಂಬರು, ಡ್ರೈವರಿಗೆ ಹೆಸರು ಎರಡೂ ಬಂದಿದ್ದವು.

ನಿಜವಾದ ಸಂಕಟ ಶುರುವಾದದ್ದು ಆಮೇಲೆ. ಊರು ತನ್ನನ್ನು ಕಳ್ಳನೆಂದು ದೂರ ಇಡುತ್ತದೆ ಎಂದು ಯೋಗಾನಂದ ಹೆದರಿದ್ದ. ಊರು ಅವನಿಗೆ ನಮಸ್ಕಾರ ಹಾಕತೊಡಗಿತು. ಹದಿನೆಂಟು ವರ್ಷ ದುಡಿದ ಮನುಷ್ಯನನ್ನು ಕಂಡರೆ ಪಕ್ಕಕ್ಕೆ ಹೊರಳಿ ನಡೆಯುತ್ತಿದ್ದವರು ಈಗ ನಿಂತು ಮಾತಾಡಿಸಿದರು. ಅಂಗಡಿಯಲ್ಲಿ ಕುರ್ಚಿ ಒರೆಸಿ ಕೊಟ್ಟರು. ಧರ್ಮಣ್ಣನಂತೂ ತನ್ನ ಮಹಡಿಯಿಂದ ಇಳಿದು ಬಂದು, ಒಂದೇ ರೈಲಿನಲ್ಲಿ ಹೋಗುವವರು ಮಾತಾಡುವ ಹಾಗೆ ಪಕ್ಕದಲ್ಲಿ ಕೂತ. "ಏನೇ ಕೇಳಿದ್ರೂ ನೆನಪಿಲ್ಲ ಅನ್ನಿ. ನಾನು ಹನ್ನೊಂದು ತಿಂಗಳು ಅದೊಂದೇ ಮಾತು ಹೇಳಿದ್ದು" ಎಂದು ಬುದ್ಧಿ ಹೇಳಿದ.

ನಾಲ್ಕನೆಯ ದಿನ ಕುಂದೂರಿನಿಂದ ಮಾವ ರಾಮಯ್ಯ ಬಂದರು. ಅಳಿಯ ಕರೆದರೂ ಬಾರದ ಮಾವ ಒಂದು ಗೊನೆ ಬಾಳೆಹಣ್ಣು ಹೊತ್ತು ತಾವಾಗಿ ಬಂದಿದ್ದರು. ಮಗಳು ಕೊಟ್ಟ ಕಾಫಿ ಕುಡಿದು, ಅವಳು ಒಳಗೆ ಹೋಗುವುದನ್ನೇ ಕಾದು, ಅಳಿಯನ ಹತ್ತಿರಕ್ಕೆ ಸರಿದರು.

"ಅಳಿಯಂದ್ರೇ, ನಾನೇನು ಬೇರೆಯವನಲ್ಲ. ಒಟ್ಟು ಎಷ್ಟಾಯ್ತು?"

"ಏನು ಎಷ್ಟಾಯ್ತು ಮಾವ?"

"ಅದೇ. ಲಾರಿದು."

"ಮಾವ, ದೇವರಾಣೆಗೂ ನಾನು ಒಂದು ಕಾಫಿ ಹಣ್ಣೂ ಮುಟ್ಟಿಲ್ಲ! ಇದು ರಜೆ! ದುಡಿಯೋರಿಗೆ ಕಾನೂನಲ್ಲಿರೋ ರಜೆ!"

ರಾಮಯ್ಯ ಅಳಿಯನ ಕಣ್ಣನ್ನೇ ನೋಡಿದರು. ಅವನು ಸುಳ್ಳು ಹೇಳುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಅವರ ಮುಖ ಸಣ್ಣಗಾಯಿತು.

"ಒಂದು ಮೂಟೆನೂ ಇಲ್ವಾ?"

"ಇಲ್ಲ ಮಾವ."

"ಹಂಗಾದ್ರೆ ಹದಿನೆಂಟು ವರ್ಷ ಅಲ್ಲಿ ಏನ್ ಮಾಡ್ತಿದ್ರಿ?"

ಮಾವ ಸಂಜೆಯ ಬಸ್ಸಿಗೇ ಹೊರಟರು. ಗೊನೆಯಲ್ಲಿ ಅರ್ಧ ವಾಪಸು ತೆಗೆದುಕೊಂಡು ಹೋದರು ಎಂದು ಗಂಗಾಮಣಿ ಇವತ್ತಿಗೂ ಒಪ್ಪುವುದಿಲ್ಲ. ಆದರೆ ಗೊನೆ ಮಾತ್ರ ಅರ್ಧವಾಗಿತ್ತು.

ಇಷ್ಟಾದರೂ ಯೋಗಾನಂದ ಹತ್ತು ದಿನ ಹಲ್ಲು ಕಚ್ಚಿ ಕೂರುತ್ತಿದ್ದನೇನೋ. ಕೆಲಸ ಉಳಿಯಬೇಕಾದರೆ ಕೂರಲೇಬೇಕೆಂದು ಅವನಿಗೆ ಗೊತ್ತಿತ್ತು. ಆದರೆ ತಾನಿಲ್ಲದ ತೋಟ ಹೇಗಿರಬಹುದೆಂಬ ಚಿತ್ರ ಅವನನ್ನು ಕೂರಲು ಬಿಡಲಿಲ್ಲ. ಮಸ್ಟರ್ ಇಲ್ಲದೆ ಆಳುಗಳು ದಿಕ್ಕಾಪಾಲಾಗಿರಬೇಕು, ಹಣ್ಣು ಗಿಡದಲ್ಲೇ ಒಣಗಿರಬೇಕು, ಕಣದಲ್ಲಿ ಹರಡಿದ ಕಾಫಿಯನ್ನು ಕೆದಕುವವರಿಲ್ಲದೆ ಬೂಸ್ಟು ಹಿಡಿದಿರಬೇಕು. ಐದನೆಯ ದಿನ ಬೆಳಿಗ್ಗೆ ಮೊಪೆಡ್ ತೆಗೆದು, ಗೇಟಿನ ಗೋಜಿಗೆ ಹೋಗದೆ, ಹಿಂದಿನ ಗುಡ್ಡದ ಮೇಲಿನ ಬೇಲಿಯ ಹತ್ತಿರ ನಿಂತು ಇಣುಕಿದ.

ಏಳೂವರೆ. ಸ್ಟೋರಿನ ಮುಂದೆ ಮಾರಮ್ಮನ ಸೊಸೆ ವಾಣಿ ಪುಸ್ತಕ ಹಿಡಿದು ನಿಂತಿದ್ದಳು. ಹೆಸರು ಕರೆದಳು, ಗುರುತು ಹಾಕಿದಳು, ಎರಡು ಮಾತು ಹೇಳಿದಳು. ಜನ ನಗುತ್ತ ಗುಡ್ಡ ಹತ್ತಿದರು. ಯೋಗಾನಂದ ಗಡಿಯಾರ ನೋಡಿಕೊಂಡ. ಆರು ನಿಮಿಷ. ಕಣ ಗುಡಿಸಿ ಚೊಕ್ಕಟವಾಗಿತ್ತು, ಕಾಫಿ ಒಂದೇ ಸಮ ಹರಡಿತ್ತು, ಕಕ್ಕಸಿನ ಬೀಗವನ್ನು ಯಾರೋ ಮುರಿದು ಬಾಗಿಲು ತೆರೆದಿಟ್ಟಿದ್ದರು. ಎಲ್ಲವೂ ಸರಿಯಾಗಿ ನಡೆಯುತ್ತಿತ್ತು. ಇದಕ್ಕಿಂತ ದೊಡ್ಡ ಅನಾಹುತವನ್ನು ಅವನು ಊಹಿಸಿಯೇ ಇರಲಿಲ್ಲ. ಅವನಿಗೆ ಅಳು ಬಂತು.

ಅಂಥ ಹೊತ್ತಿನಲ್ಲಿ ಬುದ್ಧಿ ಇರುವವನು ಮನೆಗೆ ಹೋಗುತ್ತಾನೆ. ಯೋಗಾನಂದ ಬೇಲಿ ಹಾರಿದ. ತಲೆಗೆ ಟವೆಲ್ ಸುತ್ತಿ, ಮುಖ ಮುಚ್ಚಿಕೊಂಡು, ಕಣದ ಮೂಲೆಯಲ್ಲಿದ್ದ ಮರದ ಗೋರೆ ಎತ್ತಿಕೊಂಡು, ಚೆನ್ನಾಗಿಯೇ ಹರಡಿದ್ದ ಕಾಫಿಯನ್ನು ಮತ್ತೆ ಹರಡತೊಡಗಿದ. ಇಡೀ ತೋಟಕ್ಕೆ ಅವನ ನಡಿಗೆ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ, ಇಂಥ ಮಜಾ ಯಾರು ಕಳೆದುಕೊಳ್ಳುತ್ತಾರೆ? ಗಿಡ್ಡಯ್ಯ ಮಾತ್ರ ಸುಮ್ಮನಿರದೆ ಹತ್ತಿರ ಬಂದು, "ಏನ್ಲಾ ಹೊಸಬ, ಸರಿಯಾಗಿ ಕೆದಕ್ಲಾ! ನಮ್ಮ ರೈಟ್ರು ಹದಿನೆಂಟು ವರ್ಷ ರಜೆ ಹಾಕ್ದೆ ಕಾಪಾಡಿರೋ ಕಣ ಇದು!" ಎಂದು ಗದರಿ ಹೋದ. ಯೋಗಾನಂದ ಟವೆಲಿನೊಳಗಿಂದಲೇ "ಆಯ್ತಣ್ಣ" ಎಂದ. ಮರುದಿನವೂ ಬಂದ. ಅದರ ಮರುದಿನವೂ ಬಂದ. ಹೀಗೆ ಸಂಬಳದ ರಜೆಯಲ್ಲಿ ಅವನು ದಿನಕ್ಕೆ ಹತ್ತು ಗಂಟೆ ದುಡಿದು, ರಾತ್ರಿ ಬೆನ್ನುನೋವಿಗೆ ಎಣ್ಣೆ ಹಚ್ಚಿಸಿಕೊಂಡ.

ಎಂಟನೆಯ ದಿನ ಮಾರಮ್ಮ ಮಸ್ಟರಿಗೆ ಬರಲಿಲ್ಲ. ಮಗಳಿಗೆ ನೋವು ಶುರುವಾಗಿದೆಯೆಂದು ಫೋನು ಬಂದಿತ್ತು. ಅವಳು ಯಾರನ್ನೂ ಕೇಳದೆ ಮೊದಲ ಬಸ್ಸಿಗೆ ಆಲೂರಿಗೆ ಹೋಗಿಬಿಟ್ಟಿದ್ದಳು. ಕಣದಲ್ಲಿದ್ದ ಹೊಸ ಆಳಿಗೆ ಇದನ್ನು ಕೇಳಿ ಮೈ ಉರಿಯಿತು. ಟವೆಲ್ ಕಿತ್ತು ಒಂದು ಉಪದೇಶ ಮಾಡಿಬಿಡಬೇಕು ಅನ್ನಿಸಿತು. ಆಸೆಯನ್ನು ನುಂಗಿಕೊಂಡ.

ಒಂಬತ್ತನೆಯ ದಿನ ಸುಚಿತ್ರಾ ಮೇಡಂ ಬಂದರು. ಹೇಳಿದ್ದಕ್ಕಿಂತ ಒಂದು ದಿನ ಮುಂಚೆ, ಅದೂ ಎಸ್ಟೇಟಿಗಲ್ಲ, ನೇರ ಯೋಗಾನಂದನ ಊರಿಗೆ. ಅಲ್ಲಿ ನಡೆದದ್ದನ್ನು ಅವನು ಆಮೇಲೆ ಗಂಗಾಮಣಿಯಿಂದ ಕೇಳಿ ತಿಳಿದ.

ಡೈರಿಯ ಮುಂದೆ ಕಾರು ನಿಂತು, ಕೈಯಲ್ಲಿ ಫೈಲು ಹಿಡಿದ ಹೆಂಗಸು ಇಳಿದು, "ರೈಟರ್ ಯೋಗಾನಂದರ ಮನೆ ಯಾವುದು? ಸ್ವಲ್ಪ ವಿಚಾರಣೆ ಮಾಡಬೇಕಿತ್ತು" ಎಂದಾಗ, ಊರಿಗೆ ಎಲ್ಲವೂ ಅರ್ಥವಾಯಿತು. ಲಾರಿಯ ಕೇಸು ಮೇಲಕ್ಕೆ ಹೋಗಿದೆ. ನಮ್ಮೂರಿನ ಮನುಷ್ಯನನ್ನು ನಾವು ಬಿಟ್ಟುಕೊಡಬಾರದು. ಅರೆಗಳಿಗೆಯಲ್ಲಿ ಇಪ್ಪತ್ತು ಜನ ಕಾರನ್ನು ಸುತ್ತುಗಟ್ಟಿದರು.

"ಮೇಡಂ, ನಮ್ಮ ರೈಟ್ರು ಅಂಥೋರಲ್ಲ!" ಎಂದು ಕೃಷ್ಣಪ್ಪ ಎದೆಗೆ ಕೈಯಿಟ್ಟು ಹೇಳಿದ. "ಆ ತೋಟಕ್ಕೆ ಜೀವಾನೇ ತೇದವ್ರೆ. ಭಾನುವಾರನೂ ಹೋಗ್ತಿದ್ರು, ಹಬ್ಬದಾಗೂ ಹೋಗ್ತಿದ್ರು!"

"ಅಪ್ಪ ಸತ್ತ ದಿನಾನೇ ಕೆಲ್ಸಕ್ಕೆ ಹೋದ್ರು, ನಾನೇ ಸಾಕ್ಷಿ!" ಎಂದಿತು ಇನ್ನೊಂದು ದನಿ.

"ಈಗ ರಜೆಯಲ್ಲಿದ್ದಾರಲ್ಲವಾ?" ಎಂದರು ಸುಚಿತ್ರಾ.

"ರಜೆ ಎಲ್ಲಿಂದ ಬಂತು ಮೇಡಂ? ಈಗ್ಲೂ ದಿನಾ ಬೆಳಿಗ್ಗೆ ಟವೆಲ್ ಸುತ್ಕಂಡು, ಬೇಲಿ ಹಾರಿ ಹೋಗಿ ದುಡೀತಾವ್ರೆ, ತೋಟದ ಆಳುಗಳೇ ಹೇಳವ್ರೆ! ಕಳ್ಳ ಆಗಿದ್ರೆ ಹಂಗೆ ಮಾಡ್ತಿದ್ರಾ? ಬೇಕಾದ್ರೆ ಈಗ್ಲೇ ಹೋಗಿ ನೋಡಿ!" ಎಂದ ಕೃಷ್ಣಪ್ಪ.

ಜನ ಹೋ ಎಂದು ಒಪ್ಪಿದರು. ಧರ್ಮಣ್ಣ ಒಬ್ಬನೇ ಹಿಂದಿನಿಂದ "ನೆನಪಿಲ್ಲ ಅನ್ರೋ, ನೆನಪಿಲ್ಲ ಅನ್ರೋ" ಎಂದು ಕೈಸನ್ನೆ ಮಾಡುತ್ತಿದ್ದ. ಆ ಊರಿನಲ್ಲಿ ಅವತ್ತು ಬುದ್ಧಿವಂತಿಕೆಯ ಮಾತಾಡಿದವನು ಅವನೊಬ್ಬನೇ.

ಹನ್ನೊಂದು ಗಂಟೆಗೆ ಕಾರು ನವಿಲುಬಾರೆಯ ಕಣದ ಅಂಚಿಗೆ ಬಂದು ನಿಂತಿತು. ಗೋರೆ ಹಿಡಿದವನು ಬೆನ್ನು ಹಾಕಿ ಇನ್ನೂ ಜೋರಾಗಿ ಕೆದಕತೊಡಗಿದ. ಸುಚಿತ್ರಾ ಮೇಡಂ ಹತ್ತಿರ ಬಂದು ನಿಂತರು.

"ಯೋಗಾನಂದ ಅವರೇ, ರಜೆ ಹೇಗಿದೆ?"

ಅವನು ಟವೆಲ್ ತೆಗೆದ. ಅಷ್ಟರಲ್ಲಿ ಬಂಗಲೆಯಿಂದ ಪ್ರತಾಪ್ ಓಡಿಬಂದ. ರೈಟರನ್ನು ಕಂಡು ಅವನ ಮುಖ ಹಣ್ಣಿಗಿಂತ ಕೆಂಪಗಾಯಿತು. ಮೇಡಂ ಎದುರು ಬೈಯುವಂತಿಲ್ಲ. ಕೆಲಸ ಮಾಡಿದ್ದಕ್ಕೆ ಕೆಲಸದಿಂದ ತೆಗೆಯುತ್ತೇನೆ ಎಂದು ಹೇಳುವಂತೆಯೂ ಇಲ್ಲ.

"ಹಾಗಾದರೆ ಈ ತೋಟದಲ್ಲಿ ರಜೆ ಮೇಲೆ ಯಾರೂ ಇಲ್ಲ" ಎಂದು ಸುಚಿತ್ರಾ ಫೈಲು ತೆರೆದರು.

"ಇದ್ದಾರೆ ಮೇಡಂ, ಇದ್ದಾರೆ!" ಪ್ರತಾಪ್ ಸುತ್ತಮುತ್ತ ನೋಡಿದ. ಕಾರಿನ ಸದ್ದಿಗೆ ಇಳಿದು ಬಂದು ಸಾಲಾಗಿ ನಿಂತಿದ್ದ ಆಳುಗಳಲ್ಲಿ ಯಾರು ಕಮ್ಮಿಯೆಂದು ಕಣ್ಣಲ್ಲೇ ಲೆಕ್ಕ ಹಾಕಿದ. "ಮಾರಮ್ಮ! ಮಾರಮ್ಮ ರಜೆ ಮೇಲಿದ್ದಾಳೆ. ಮಗಳ ಹೆರಿಗೆ. ನಾನೇ ಬಲವಂತ ಮಾಡಿ ಕಳಿಸಿದೆ."

"ಫೋನ್ ಮಾಡಿ. ಎಲ್ಲರಿಗೂ ಕೇಳೋ ಹಾಗೆ."

ವಾಣಿ ತೋಟದ ಫೋನಿನಿಂದ ಅತ್ತೆಗೆ ಮಾಡಿ ಸ್ಪೀಕರ್ ಹಾಕಿದಳು. ಗಂಟೆ ನಾಲ್ಕು ಸಲ ಬಡಿಯಿತು. ಆ ಕಡೆಯಿಂದ ಮಾರಮ್ಮನ ದನಿ ಬಂತು.

"ಯಾರು, ರೈಟ್ರಾ? ಬೈಯೋದಾದ್ರೆ ಬೈಕಳಿ. ಸಂಬ್ಳ ಹಿಡ್ಕಳಿ. ಬಾಣಂತಿಗೆ ಮೂರು ದಿವ್ಸದ ನೀರು ಹಾಕೋಗಂಟ ನಾನು ಬರಾಕಿಲ್ಲ!"

"ಮಾರಮ್ಮ, ನಾನು ಪ್ರತಾಪ್. ಸಂಬಳ ಯಾರು ಹಿಡೀತಾರೆ? ನೀನು ಸಂಬಳದ ರಜೆ ಮೇಲಿದ್ದೀಯ, ಮರೆತುಹೋಯ್ತಾ?"

ಆ ಕಡೆ ಆಸ್ಪತ್ರೆಯಲ್ಲಿ ಯಾರೋ ಯಾರನ್ನೋ ಕೂಗಿದ್ದು ಕೇಳಿಸಿತು. ಹಣ್ಣು ಕುಯ್ಯುವುದರಲ್ಲಿ ಮಾರಮ್ಮನ ಕೈ ಎಷ್ಟು ಚುರುಕೋ ತಲೆಯೂ ಅಷ್ಟೇ ಚುರುಕು.

"ನಿಮ್ಮ ಪಕ್ಕ ಆ ಮೇಡಮ್ಮೋರು ಅವ್ರಾ?"

"ಇದ್ದಾರೆ."

"ಹಂಗಾದ್ರೆ ಎಷ್ಟು ದಿವ್ಸ ಕೊಟ್ಟಿದ್ರಿ ನಂಗೆ? ಹದಿನೈದಾ?"

"ಹದಿನೈದು" ಎಂದ ಪ್ರತಾಪ್.

"ಮಗಳದು ಬಾಣಂತನ ಸಾವ್ಕಾರ್ರೇ. ಇಪ್ಪತ್ತು ಅಂದಂಗಿತ್ತು ನೀವು."

ಪ್ರತಾಪ್ ಹಣೆ ಒರೆಸಿಕೊಂಡ. "ಇಪ್ಪತ್ತು."

"ಲೈನ್‌ನೋರ್ಗೆಲ್ಲ ಸರದಿ ಮೇಲೆ ಕೊಡ್ತೀನಿ ಅಂತಾನೂ ಅಂದ್ರಿ."

"ಎಲ್ಲರಿಗೂ! ಎಲ್ಲರಿಗೂ ಕೊಡ್ತೀನಿ ಅಂದಿದ್ದೆ!"

"ಗಿಡ್ಡಯ್ಯನ್ನ ಮೊದ್ಲು ಕಳ್ಸಿ. ಅವ್ನಿಗೆ ಮಂಡಿನೋವು. ಇಡ್ಲಾ? ಹೆಣ್ಣು ಮಗು ಸಾವ್ಕಾರ್ರೇ, ಮೂರು ಕೇಜಿ ಐತೆ" ಎಂದು ಮಾರಮ್ಮ ಫೋನಿಟ್ಟಳು. ಕಣದ ತುಂಬ ಚಪ್ಪಾಳೆ ಬಿತ್ತು. ಮಗುವಿಗೋ ರಜೆಗೋ ಅವರಿಗೇ ಗೊತ್ತಿರಲಿಲ್ಲ.

ಸುಚಿತ್ರಾ ಮೇಡಂ ನಗಲಿಲ್ಲ. "ಹೇಳಿದ್ದನ್ನೆಲ್ಲ ಬರೆದುಕೊಂಡಿದ್ದೀನಿ ಸಾರ್. ಯಾರಿಗೆ ಎಷ್ಟು ದಿನ ಬರಬೇಕು ನೋಡೋಣ, ಮಸ್ಟರ್ ಪುಸ್ತಕಗಳನ್ನು ತರಿಸಿ" ಎಂದರು. ಹದಿನೆಂಟು ವರ್ಷದ ಪುಸ್ತಕಗಳು ಸ್ಟೋರಿನಿಂದ ಬಂದವು. ಯೋಗಾನಂದನ ಅಕ್ಷರ ಮುತ್ತಿನಂಥದ್ದು. ಒಂದು ದಿನ ತಪ್ಪಿಲ್ಲ, ಒಂದು ಗೀಟು ಹೆಚ್ಚಿಲ್ಲ. ಮಾರಮ್ಮ ಬಂದ ಒಂದೊಂದು ದಿನವೂ, ಗಿಡ್ಡಯ್ಯ ಕುಂಟುತ್ತ ಬಂದ ಒಂದೊಂದು ಬೆಳಿಗ್ಗೆಯೂ ಅಲ್ಲಿತ್ತು. ಯಾರಿಗೆಲ್ಲ ಅವನು ರಜೆ ಇಲ್ಲ ಎಂದಿದ್ದನೋ ಅವರಿಗೆಲ್ಲ ರಜೆ ಬರಬೇಕೆಂಬುದಕ್ಕೆ ಅವನ ಕೈಬರಹಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ.

"ಇಷ್ಟು ಅಚ್ಚುಕಟ್ಟಾದ ಪುಸ್ತಕ ನಾನು ನೋಡೇ ಇಲ್ಲ" ಎಂದರು ಸುಚಿತ್ರಾ. ಯೋಗಾನಂದನ ಎದೆ ಮತ್ತೆ ಉಬ್ಬಿತು. "ಈಗ ನಿಮ್ಮದು ನೋಡೋಣ. ನಿಮ್ಮ ಹೆಸರು ಯಾವ ಪುಟದಲ್ಲಿದೆ?"

ಯೋಗಾನಂದ ಪುಟ ತಿರುವಿದ. ಇನ್ನೊಂದು ಪುಸ್ತಕ ತೆಗೆದ. ಅದನ್ನಿಟ್ಟು ಮತ್ತೊಂದು ತೆಗೆದ. ಮೊದಲು ಬೇಗ ಬೇಗ ತಿರುವುತ್ತಿದ್ದವನು ಬರಬರುತ್ತ ನಿಧಾನವಾದ. ಎಲ್ಲರ ಹೆಸರನ್ನೂ ಕರೆಯುವವನು ಅವನು. ಅವನ ಹೆಸರನ್ನು ಕರೆಯುವವರು ಯಾರೂ ಇರಲಿಲ್ಲ. ಆದ್ದರಿಂದ ಬರೆದವರೂ ಇರಲಿಲ್ಲ.

"ಇಲ್ಲ ಮೇಡಂ" ಎಂದ.

"ಅಂದರೆ ಈ ಪುಸ್ತಕಗಳ ಪ್ರಕಾರ ನೀವು ಹದಿನೆಂಟು ವರ್ಷದಲ್ಲಿ ಒಂದು ದಿನವೂ ಕೆಲಸಕ್ಕೆ ಬಂದಿಲ್ಲ."

ಯೋಗಾನಂದ ಪ್ರತಾಪ್ ಕಡೆ ನೋಡಿದ. ಈಗ ಸಾವುಕಾರರು ಒಂದು ಮಾತು ಹೇಳುತ್ತಾರೆ, ನಾನು ನೋಡಿದ್ದೇನೆ, ದಿನಾ ಬಂದಿದ್ದಾನೆ ಎನ್ನುತ್ತಾರೆ ಎಂದು ಕಾದ.

"ಅವರು ಸ್ಟಾಫ್ ಮೇಡಂ" ಎಂದ ಪ್ರತಾಪ್. "ಅವರಿಗೆ ಅದೆಲ್ಲ ಬರಲ್ಲ. ಹತ್ತು ದಿನ ಕೊಟ್ಟಿದ್ದು ನನ್ನ ದೊಡ್ಡ ಮನಸ್ಸು. ರೀ ಯೋಗಾನಂದ, ನಾಳೆ ಏಳೂವರೆಗೆ ಬಂದುಬಿಡಿ. ಈಗ ಆಳು ಬೇರೆ ಕಮ್ಮಿಯಾಗ್ತಾರೆ, ನಿಮಗೆ ಕೆಲಸ ಜಾಸ್ತಿ."

ಕೆಲಸ ಉಳಿಯಿತು. ಅದಕ್ಕಾಗಿ ಒಂಬತ್ತು ದಿನ ಒದ್ದಾಡಿದ್ದವನು ಅದು ಉಳಿದದ್ದನ್ನು ಕೇಳಿ ಗೋರೆಯನ್ನು ಗೋಡೆಗೆ ಒರಗಿಸಿದ.

ಮರುದಿನ ಬೆಳಿಗ್ಗೆ ಏಳೂವರೆಗೆ ಯೋಗಾನಂದ ಪುಸ್ತಕ ಹಿಡಿದು ನಿಂತ. ಉಪದೇಶ ಮಾಡಲಿಲ್ಲ. ಇಪ್ಪತ್ತೇಳು ಹೆಸರು ಕರೆದ. ಮಾರಮ್ಮನ ಹೆಸರು ಬಂದಾಗ ತಾನೇ "ರಜೆ" ಎಂದು ಹೇಳಿ ಬರೆದ. ಎಲ್ಲ ಮುಗಿಯಿತೆಂದು ಜನ ಚೀಲ ಎತ್ತಿಕೊಳ್ಳುತ್ತಿದ್ದಾಗ ಅವನು ಕೊನೆಯ ಸಾಲಿನ ಕೆಳಗೆ ಇನ್ನೊಂದು ಹೆಸರು ಬರೆದು, ಗಂಟಲು ಸರಿಮಾಡಿಕೊಂಡು ಕರೆದ.

"ಯೋಗಾನಂದ."

ಯಾರೂ ಓಗೊಡಲಿಲ್ಲ. ಅವನು ತಲೆಯೆತ್ತಿ ಸಾಲನ್ನು ನೋಡಿದ. ಸಾಲು ಅವನನ್ನು ನೋಡಿತು.

"ಅವ್ರು ಬಂದಿಲ್ಲ ಕಣ್ರೀ" ಎಂದ ಗಿಡ್ಡಯ್ಯ.

ಯೋಗಾನಂದ ತನ್ನ ಹೆಸರಿನ ಮುಂದೆಯೂ ದುಂಡಗಿನ ಅಕ್ಷರದಲ್ಲಿ "ರಜೆ" ಎಂದು ಬರೆದು, ಪುಸ್ತಕವನ್ನು ವಾಣಿಯ ಕೈಗೆ ಕೊಟ್ಟು, ಮೊಪೆಡ್ ಹತ್ತಿ, ಗೇಟಿನ ಮೂಲಕವೇ ಹೊರಗೆ ಹೋದ. ಪಾಳ್ಯದ ರಸ್ತೆಯಲ್ಲಿ ಅರ್ಧ ದೂರ ಹೋಗಿರಬೇಕು, ಜೇಬಿನಲ್ಲಿ ಫೋನು ಬಡಿಯಿತು.

"ಎಲ್ರೀ ಇದ್ದೀರಾ?" ಎಂದು ಪ್ರತಾಪ್ ಕಿರುಚಿದ.

"ಪುಸ್ತಕ ನೋಡಿ ಸಾರ್, ಬರ್ದೈತೆ" ಎಂದು ಹೇಳಿ ಯೋಗಾನಂದ ಫೋನ್ ಆಫ್ ಮಾಡಿದ.